ತಾಲ್ಲೂಕು ಆಸ್ಪತ್ರೆಗೆ ಸೇರುವ ಮೊದಲು ಒಂದು ರಾತ್ರಿ ಅಲ್ಲಿ ನಿಂತು ನೋಡಿ

ಪ್ರಶ್ನೆ: ನಾನು ದಾವಣಗೆರೆಯವಳು. ಪ್ರಸೂತಿ ಮತ್ತು ಸ್ತ್ರೀರೋಗದಲ್ಲಿ ಎಂ.ಎಸ್. ಮುಗಿಸಿ ಈಗ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದೇನೆ. ಯಾದಗಿರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯೆಯ ಕೆಲಸ ಸಿಗುವ ಹಾಗಿದೆ. ಗಂಡನಿಗೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಇದೆ. ಮಗಳು ಇನ್ನೂ ಸಣ್ಣವಳು. 'ಎರಡು ವರ್ಷ ಅಲ್ಲಿದ್ದರೆ ಕಲಿತದ್ದೆಲ್ಲ ಮರೆತುಹೋಗ್ತದೆ' ಎಂದು ಗೆಳತಿಯರು ಹೆದರಿಸುತ್ತಾರೆ. ಅದು ನಿಜವೇ? ಅಲ್ಲಿ ಕೆಲಸ ಹೇಗಿರುತ್ತದೆ, ಏನೇನು ನೋಡಿಕೊಂಡು ಸೇರಬೇಕು?

ಉತ್ತರ: ಗೆಳತಿಯರ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಆಸ್ಪತ್ರೆಯಲ್ಲಿ ನಿಮ್ಮ ಜೊತೆ ಯಾರಿರುತ್ತಾರೆ?

ಕಲಬುರಗಿ, ಬೀದರ್ ಕಡೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವಳಾಗಿ ಇದನ್ನು ಹೇಳುತ್ತೇನೆ. ಸಣ್ಣ ಆಸ್ಪತ್ರೆಯಲ್ಲಿ ತಜ್ಞೆ ಒಬ್ಬಳೇ ಇದ್ದರೆ ಅವಳ ಡಿಗ್ರಿ ಬಾಗಿಲ ಬೋರ್ಡಿಗೆ ಮಾತ್ರ. ಸಿಜೇರಿಯನ್ ಮಾಡಲು ನಿಮಗೆ ಬರುತ್ತದೆ, ಸರಿ. ಅರಿವಳಿಕೆ ಕೊಡುವವರು ಯಾರು? ರಕ್ತ ಹರಿಯತೊಡಗಿದರೆ ಬಾಟಲಿ ಎಲ್ಲಿಂದ ಬರುತ್ತದೆ? ಕೂಸು ಅಳದೇ ಇದ್ದರೆ ಅದನ್ನು ಎತ್ತಿಕೊಳ್ಳುವವರು ಯಾರು? ಇವಕ್ಕೆ ಉತ್ತರ ಇಲ್ಲದ ಕಡೆ ನೀವು ದಿನವಿಡೀ ಓಪಿಡಿ ನೋಡಿ, ರಾತ್ರಿ ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರಲ್ ಚೀಟಿ ಬರೆಯುತ್ತೀರಿ. ಅಂಥಲ್ಲಿ ಇದ್ದರೆ ನಿಮ್ಮ ಗೆಳತಿಯರ ಮಾತು ನಿಜವಾದೀತು. ಈ ಮೂರಕ್ಕೂ ಉತ್ತರ ಇರುವ ಕಡೆ ಹೋದರೆ ಅವರಿಗಿಂತ ಜಾಸ್ತಿ ಕಲಿಯುತ್ತೀರಿ.

ಸರ್ಕಾರದ ಕಾಗದದಲ್ಲಿ ಇಂಥ ಆಸ್ಪತ್ರೆಗೆ ಎಫ್‌ಆರ್‌ಯು (ಫಸ್ಟ್ ರೆಫರಲ್ ಯೂನಿಟ್) ಎನ್ನುತ್ತಾರೆ. ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಳಿಸಿದವರನ್ನು ಮೊದಲು ನೋಡಬೇಕಾದ ದೊಡ್ಡ ಜಾಗ. ಆ ಹೆಸರು ಬರಬೇಕಾದರೆ ಮೂರು ಇರಲೇಬೇಕು: 24 ಗಂಟೆ ಸಿಜೇರಿಯನ್ ಸೇರಿದ ತುರ್ತು ಹೆರಿಗೆ ಸೇವೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹ ಘಟಕ. 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆಯೂ ಆಗಬಹುದು, 30 ಹಾಸಿಗೆಯ ಸಮುದಾಯ ಆರೋಗ್ಯ ಕೇಂದ್ರವೂ ಆಗಬಹುದು. ಪಟ್ಟಿಯಲ್ಲಿ ಹೆಸರಿದೆ ಎಂದು ಸುಮ್ನೆ ನಂಬಬೇಡಿ. ಆದೇಶಕ್ಕೆ ಸಹಿ ಹಾಕುವ ಮೊದಲು ಒಂದು ಸಲ ಹೋಗಿ ಬನ್ನಿ. ಹಗಲು ಹೋದರೆ ಎಲ್ಲ ಆಸ್ಪತ್ರೆಗಳೂ ಚೆಂದವೇ ಕಾಣುತ್ತವೆ. ರಾತ್ರಿ ಹತ್ತರ ಮೇಲೆ ಹೋಗಿ. ಹೆರಿಗೆ ವಾರ್ಡಿನಲ್ಲಿ ಎಷ್ಟು ನರ್ಸ್‌ಗಳಿದ್ದಾರೆ, ಓಟಿಯ (ಆಪರೇಷನ್ ಕೋಣೆ) ಬೀಗದ ಕೈ ಯಾರ ಹತ್ತಿರ ಇದೆ, ಜನರೇಟರ್ ಚಾಲೂ ಮಾಡುವವನು ಆಸ್ಪತ್ರೆಯಲ್ಲೇ ಮಲಗುತ್ತಾನೋ ಮನೆಗೆ ಹೋಗುತ್ತಾನೋ ನೋಡಿ. ಓಟಿ ರಿಜಿಸ್ಟರ್ ತೋರಿಸಿ ಎಂದು ಕೇಳಿ. ಕಳೆದ ಮೂರು ತಿಂಗಳ ಸಿಜೇರಿಯನ್‌ಗಳ ಹೊತ್ತು ನೋಡಿದರೆ ಸಾಕು. ಎಲ್ಲವೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಇದ್ದರೆ ಅಲ್ಲಿ ರಾತ್ರಿ ಆಪರೇಷನ್ ನಡೆಯುವುದಿಲ್ಲ ಎಂದೇ ಅರ್ಥ. ಕೂಸು ಹೊತ್ತು ನೋಡಿ ಹುಟ್ಟುವುದಿಲ್ಲ ಅಲ್ವಾ.

ಅನಸ್ತೇಷಿಯಾ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ನಮ್ಮ ಭಾಗದ ಎಷ್ಟೋ ಆಸ್ಪತ್ರೆಗಳ ಹಣೆಬರಹ ನಿಂತಿರುವುದು ಇದರ ಮೇಲೆಯೇ. ಮೂರು ಥರದ ವ್ಯವಸ್ಥೆ ಕಾಣಸಿಗುತ್ತದೆ. ಕಾಯಂ ಅರಿವಳಿಕೆ ತಜ್ಞರು ಊರಲ್ಲೇ ಇದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ 18 ವಾರ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು ಇರಬಹುದು. ಅವರನ್ನು ಕಡಿಮೆ ಅಂದುಕೊಳ್ಳಬೇಡಿ. ದಿನಾ ಸ್ಪೈನಲ್ (ಬೆನ್ನಿಗೆ ಕೊಡುವ ಅರಿವಳಿಕೆ) ಕೊಡುವ ಅಂಥ ಡಾಕ್ಟರು ಸಿಜೇರಿಯನ್ ಮಟ್ಟಿಗೆ ಬಹಳ ಗಟ್ಟಿ. ಆದರೆ ತರಬೇತಿ ಮುಗಿದ ಮೇಲೆ ವರ್ಷಗಟ್ಟಲೆ ಕೊಡದೇ ಇದ್ದವರೂ ಇರುತ್ತಾರೆ. ಕೊನೆಯದಾಗಿ ಯಾವಾಗ ಕೊಟ್ಟಿರಿ ಎಂದು ನೇರವಾಗಿ ಕೇಳಿ. ಮೂರನೆಯದು, ಕೇಸಿಗೆ ಇಷ್ಟು ಎಂದು ಕೊಟ್ಟು ಹೊರಗಿನಿಂದ ಕರೆಸುವುದು. ಜೇವರ್ಗಿಯಂಥ ಊರಿಗೆ ಇದು ಹೇಗೋ ನಡೆಯುತ್ತದೆ, ಕಲಬುರಗಿಯಿಂದ 40 ಕಿಲೋಮೀಟರ್ ಸುಮಾರು. ಚಿಂಚೋಳಿ 80 ಕಿಲೋಮೀಟರಿಗೂ ಆಚೆ. ಸುರಪುರಕ್ಕೆ ಬರಬೇಕೆಂದರೆ ಯಾದಗಿರಿಯಿಂದಲೇ ಒಂದು ಗಂಟೆ. ಸಿಜೇರಿಯನ್ ಬೇಕೆಂದು ತೀರ್ಮಾನಿಸಿದ 30 ನಿಮಿಷದಲ್ಲಿ ಕೂಸು ಹೊರಗೆ ಬರಬೇಕು ಎಂದು ನಾವು ಓದಿದ್ದೇವೆ. ಅಷ್ಟು ಹೊತ್ತಿಗೆ ಅವರ ಕಾರು ಊರು ದಾಟಿರುತ್ತದೆ ಅಷ್ಟೇ. ಹಾಗಾಗಿ ಕರೆಸುವ ವ್ಯವಸ್ಥೆ ದಿನಾಂಕ ಗೊತ್ತುಮಾಡಿದ ಆಪರೇಷನ್‌ಗೆ ಸರಿ. ತುರ್ತಿಗೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನೀವೇ ಸ್ಪೈನಲ್ ಕೊಟ್ಟು, ನೀವೇ ಗೌನು ತೊಟ್ಟು ಆಪರೇಷನ್‌ಗೆ ನಿಲ್ಲಬೇಡಿ. 'ಹಿಂದಿನ ಮೇಡಂ ಮಾಡ್ತಿದ್ದರು' ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬಿಪಿ ಕುಸಿದಾಗ, ಔಷಧ ಮೇಲಕ್ಕೇರಿ ಉಸಿರು ಕಟ್ಟಿದಾಗ, ತಲೆಯ ಕಡೆ ನಿಂತು ನೋಡುವವರು ಯಾರೂ ಇರುವುದಿಲ್ಲ. ನಿಮ್ಮ ಕೈ ಆಗ ಹೊಟ್ಟೆಯೊಳಗೆ ಇರುತ್ತದೆ. ಬೇಡ ಎನ್ನುವುದನ್ನು ಮೊದಲ ವಾರವೇ ಹೇಳಿಬಿಡಿ. ಮೊದಲ ವಾರ ಹೇಳಿದರೆ ನಿಯಮ ಎನಿಸುತ್ತದೆ, ಆರು ತಿಂಗಳಾದ ಮೇಲೆ ಹೇಳಿದರೆ ಜಗಳ ಎನಿಸುತ್ತದೆ.

ರಕ್ತದ ವಿಷಯ. ತಾಲ್ಲೂಕಿನಲ್ಲಿ ಇರುವುದು ಸಾಮಾನ್ಯವಾಗಿ ಬ್ಲಡ್ ಬ್ಯಾಂಕ್ ಅಲ್ಲ, ಸಂಗ್ರಹ ಘಟಕ. ಜಿಲ್ಲೆಯ ಯಾವುದೋ ಬ್ಲಡ್ ಬ್ಯಾಂಕಿನಿಂದ ಪರೀಕ್ಷೆ ಮಾಡಿದ ಚೀಲಗಳನ್ನು ತಂದು ಇಡುತ್ತಾರೆ. ವರ್ಷಕ್ಕೆ 2000 ಯೂನಿಟ್‌ಗಿಂತ ಕಡಿಮೆ ಬಳಸುವ ಇಂಥ ಕೇಂದ್ರಕ್ಕೆ ಬ್ಲಡ್ ಬ್ಯಾಂಕಿನಂಥ ಲೈಸೆನ್ಸ್ ಬೇಕಿಲ್ಲ, ಅನುಮತಿ ಪಡೆದರೆ ಸಾಕು. ಫ್ರಿಜ್ 2ರಿಂದ 6 ಡಿಗ್ರಿಯಲ್ಲಿರಬೇಕು. ಸಾಮಾನ್ಯ ಚೀಲ 35 ದಿನ ಬಾಳುತ್ತದೆ. ಕೇಳಲು ಸಲೀಸು. ತೊಂದರೆ ಆಗುವುದು ಎರಡು ಕಡೆ. ಕ್ರಾಸ್‌ಮ್ಯಾಚ್ ಮಾಡುವ, ಅಂದರೆ ಚೀಲದ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಲ್ಯಾಬ್ ಟೆಕ್ನಿಷಿಯನ್ ಸಂಜೆ ಐದಕ್ಕೆ ಮನೆಗೆ ಹೋಗುತ್ತಾನೆ. ಮತ್ತೆ, ದಿನ ಮುಗಿದ ಚೀಲ ವಾಪಸ್ ಮಾಡುವ ರಗಳೆಗೆ ಹೆದರಿ ಯಾರೂ ಹೊಸದು ತರುವುದಿಲ್ಲ. ಫ್ರಿಜ್ ಇರುತ್ತದೆ, ಒಳಗೆ ಬಟಾಬಯಲು. ವಾರಕ್ಕೊಂದು ದಿನ ಗೊತ್ತುಮಾಡಿ. ಹಳೆಯ ಚೀಲವನ್ನು ಅವಧಿ ಮುಗಿಯುವ ಮೊದಲೇ ಅದು ಬಂದ ಜಿಲ್ಲೆಯ ಬ್ಲಡ್ ಬ್ಯಾಂಕಿಗೆ ಕೊಟ್ಟು ಹೊಸದು ತರುವ ಪದ್ಧತಿ ಹಾಕಿ. ಅಲ್ಲಿ ದಿನಕ್ಕೆ ಹತ್ತಾರು ಜನಕ್ಕೆ ರಕ್ತ ಬೇಕಿರುತ್ತದೆ, ಹಾಳಾಗುವುದಿಲ್ಲ. ಇದು ಸರ್ಜರಿಯ ಕೆಲಸವಲ್ಲ, ಗುಮಾಸ್ತಿಕೆ. ಆದರೆ ಜೀವ ಉಳಿಸುವುದು ಇದೇ. ಫ್ರಿಜ್ ಎಂದಾಗ ಇನ್ನೊಂದು ನೆನಪಾಯಿತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 43 ಡಿಗ್ರಿ ದಾಟುತ್ತದೆ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧ. ಹೆರಿಗೆ ಕೋಣೆಯ ಟ್ರೇಯಲ್ಲಿ ಇಡೀ ದಿನ ಬಿದ್ದಿದ್ದರೆ ಅದರ ಬಲ ಹೋಗಿರುತ್ತದೆ. ಇಂಜೆಕ್ಷನ್ ಕೊಟ್ಟರೂ ಗರ್ಭಕೋಶ ಬಿಗಿಯುತ್ತಿಲ್ಲ ಎಂದರೆ ಮೊದಲು ಆ ಟ್ರೇ ನೋಡಿ.

ಈ ಭಾಗದ ಹೆರಿಗೆಗಳಲ್ಲಿ ರಕ್ತಸ್ರಾವ ಯಾಕೆ ಇಷ್ಟು ಕಾಡುತ್ತದೆ ಎಂದರೆ ಹೆಣ್ಣುಮಕ್ಕಳು ಬರುವಾಗಲೇ ರಕ್ತ ಕಡಿಮೆ ಇರುತ್ತದೆ. ಹಿಮೋಗ್ಲೋಬಿನ್ 11, 12 ಇರುವವಳು ಒಂದು ಲೀಟರ್ ಹೋದರೂ ತಡೆದುಕೊಳ್ಳುತ್ತಾಳೆ. 6 ಇರುವವಳಿಗೆ ಅರ್ಧ ಲೀಟರೇ ಸಾಕು. ಇದನ್ನು ಹೆರಿಗೆ ಕೋಣೆಯಲ್ಲಿ ಸರಿಮಾಡಲು ಆಗುವುದಿಲ್ಲ. ಐದಾರು ತಿಂಗಳಿದ್ದಾಗಲೇ ಹಿಡಿಯಬೇಕು. ಮಾತ್ರೆ ಹಿಡಿಸದವರಿಗೆ ಡ್ರಿಪ್‌ನಲ್ಲಿ ಐರನ್ ಸುಕ್ರೋಸ್ ಕೊಡಬಹುದು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಸಿಕ್ಕರೆ ಒಂದೇ ಸಲಕ್ಕೆ 1000 ಮಿಲಿಗ್ರಾಂ ಹೋಗುತ್ತದೆ. ಪದೇ ಪದೇ ಬರಲಾಗದ ಹೆಂಗಸರಿಗೆ ಇದು ದೊಡ್ಡ ಅನುಕೂಲ.

ಪದೇ ಪದೇ ಯಾಕೆ ಬರಲಾಗುವುದಿಲ್ಲ ಎಂದರೆ ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗುವುದು. ಬೆಂಗಳೂರಿನವರಿಗೆ ಇದರ ಅಂದಾಜು ಇರುವುದಿಲ್ಲ, ನೀವು ಅಲ್ಲಿ ನೋಡುವ ಕಟ್ಟಡದ ಕೂಲಿಕಾರರಲ್ಲಿ ಎಷ್ಟೋ ಜನ ಯಾದಗಿರಿ, ಕಲಬುರಗಿ ಕಡೆಯವರೇ ಆಗಿದ್ದರೂ. ತೊಗರಿ ರಾಶಿ ಮುಗಿದ ಮೇಲೆ, ಜನವರಿ ಫೆಬ್ರವರಿಗೆ, ತಾಂಡಾಗಳು ಖಾಲಿಯಾಗುತ್ತವೆ. ಬೆಂಗಳೂರು, ಪುಣೆ, ಮುಂಬೈ. ಬಸುರಿಯೂ ಗಂಡನ ಜೊತೆ ಹೋಗುತ್ತಾಳೆ. ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಿದವಳು ಮತ್ತೆ ಕಾಣುವುದು ಒಂಬತ್ತಕ್ಕೆ, ಕೆಲವು ಸಲ ಬ್ಯಾನಿ ಶುರುವಾದ ಮೇಲೆ ರೈಲಿಳಿದು ನೇರ ದವಾಖಾನೆಗೆ. ನಡುವೆ ಯಾರೂ ಬಿಪಿ ನೋಡಿರುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಒಂದೇ ಉಪಾಯ ಆಶಾ ಕಾರ್ಯಕರ್ತೆಯರ ಫೋನು. ಊರು ಬಿಡುವ ಮುಂಚೆ ಒಂದು ಸಲ ಕರೆದುಕೊಂಡು ಬರಲು ಅವರಿಗೆ ಹೇಳಿಡಿ. ಅವತ್ತೇ ರಕ್ತ ಪರೀಕ್ಷೆ, ಸ್ಕ್ಯಾನ್, ಐರನ್ ಡ್ರಿಪ್ ಮುಗಿಸಿ. ತಾಲ್ಲೂಕು ಸಭೆಯಲ್ಲಿ ಆಶಾಗಳ ಜೊತೆ ಕೂತು ಚಹಾ ಕುಡಿಯುವ ಡಾಕ್ಟರಿಗೆ ಇದು ಸಾಧ್ಯ. ಚೇಂಬರಿನಲ್ಲೇ ಕೂತಿರುವವರಿಗೆ ಆಗದು.

ಇನ್ನು ರೆಫರಲ್. ನನ್ನ ಲೆಕ್ಕದಲ್ಲಿ ಸಣ್ಣ ಆಸ್ಪತ್ರೆಯ ತಜ್ಞೆ ಕಲಿಯಬೇಕಾದ ಅತಿ ಕಷ್ಟದ ಕೆಲಸ ಇದು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು, ಯಾವಾಗ? ಮೆಡಿಕಲ್ ಕಾಲೇಜಿನಲ್ಲಿ ನೀವು ಇದನ್ನು ಕಲಿತಿಲ್ಲ, ಯಾಕೆಂದರೆ ಅಲ್ಲಿಗೆ ಎಲ್ಲರೂ ಬರುವವರೇ. ಬೇಗ ಕಳಿಸಿದರೆ 'ತಜ್ಞರಿದ್ದೂ ಯಾಕೆ ಕಳಿಸಿದಿರಿ' ಎಂದು ಮೀಟಿಂಗಿನಲ್ಲಿ ಕೇಳುತ್ತಾರೆ. ತಡವಾಗಿ ಕಳಿಸಿ ಏನಾದರೂ ಆದರೆ 'ಮೊದಲೇ ಯಾಕೆ ಕಳಿಸಲಿಲ್ಲ' ಎಂದು ಅದೇ ಮೀಟಿಂಗಿನಲ್ಲಿ ಕೇಳುತ್ತಾರೆ. ಇವೆರಡರಲ್ಲಿ ಮೊದಲ ಪ್ರಶ್ನೆಯನ್ನು ಎದುರಿಸುವುದೇ ವಾಸಿ. ರೆಫರಲ್ ಸಂಖ್ಯೆ ಕಡಿಮೆ ತೋರಿಸುವುದನ್ನೇ ಸಾಧನೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಆದರೆ ಬರಿಗೈಯಲ್ಲಿ ಕಳಿಸುವುದು ರೆಫರಲ್ ಅಲ್ಲ. ಫಿಟ್ಸ್ ಬಂದ ಬಸುರಿ ಇದ್ದಾಳೆ ಎನ್ನಿ. ಮ್ಯಾಗ್ನೀಷಿಯಂ ಸಲ್ಫೇಟ್ ಮೊದಲ ಡೋಸ್ 14 ಗ್ರಾಂ ಪೂರ್ತಿ ಕೊಟ್ಟೇ ಗಾಡಿ ಹತ್ತಿಸಿ: 4 ಗ್ರಾಂ ನಿಧಾನಕ್ಕೆ ನರಕ್ಕೆ, ಎರಡೂ ಸೊಂಟಕ್ಕೆ ಐದೈದು ಗ್ರಾಂ. ಬಿಪಿ ಇಳಿಸುವ ಔಷಧವೂ ಹೋಗಲಿ. ಹೆರಿಗೆಯ ನಂತರ ರಕ್ತ ನಿಲ್ಲದವಳಿಗೆ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಕೊಡಬೇಕು. ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಅದರಿಂದ ಉಪಯೋಗ. ಗರ್ಭಕೋಶದೊಳಗೆ ಬಲೂನ್ ಹಾಕಿ ಕಳಿಸಿ. ಬಲೂನ್ ಇಲ್ಲದಿದ್ದರೆ ಫೋಲಿ ಕ್ಯಾತಿಟರ್‌ಗೆ ಕಾಂಡೋಮ್ ಕಟ್ಟಿ ಸಲೈನ್ ತುಂಬಿಸುವ ವಿಧಾನ ನಿಮಗೆ ಗೊತ್ತೇ ಇದೆ. ಅದಕ್ಕೆ ಬೇಕಾದದ್ದನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ ಹೆರಿಗೆ ಕೋಣೆಯ ಗೋಡೆಗೆ ನೇತುಹಾಕಿ. ರಾತ್ರಿ ಎರಡಕ್ಕೆ ಸ್ಟೋರ್ ಕೀಲಿ ಹುಡುಕುತ್ತಾ ನಿಲ್ಲುವಂತಾಗಬಾರದು. 108ರಲ್ಲಿ ಸಿಬ್ಬಂದಿ ಇದ್ದೇ ಇರುತ್ತಾರೆ, ಆದರೂ ಇಂಥ ಕೇಸಿಗೆ ನಿಮ್ಮ ಒಬ್ಬ ನರ್ಸ್ ಜೊತೆಗೆ ಹೋಗಲಿ.

ಎಲ್ಲಿಗೆ ಕಳಿಸುವುದು? ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಇವೆ. ಯಾದಗಿರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಕಳಿಸುವ ಮೊದಲು ಅಲ್ಲಿನ ಹೆರಿಗೆ ವಾರ್ಡಿನ ಡ್ಯೂಟಿ ಡಾಕ್ಟರಿಗೇ ಫೋನ್ ಮಾಡಿ. ಆ ನಂಬರುಗಳನ್ನು ಸೇರಿದ ಮೊದಲ ವಾರವೇ ಹೋಗಿ, ಮುಖ ತೋರಿಸಿ, ತೆಗೆದುಕೊಳ್ಳಿ. ಪರಿಚಯದ ದನಿಗೆ ಹಾಸಿಗೆ ಬೇಗ ಸಿಗುತ್ತದೆ, ಇದು ಲೋಕಾರೂಢಿ. ಇನ್ನೊಂದು ಸಂಗತಿ. ನೀವು ಕಲಬುರಗಿಗೆ ಎಂದು ಬರೆದರೂ ಮನೆಯವರು ದಾರಿಯಲ್ಲಿ ಗಾಡಿ ತಿರುಗಿಸಬಹುದು. ಆಳಂದ, ಅಫಜಲಪುರದವರು ಸೊಲ್ಲಾಪುರಕ್ಕೆ, ಬೀದರ್ ಕಡೆಯವರು ಹೈದರಾಬಾದಿಗೆ ಹೋಗುವುದು ಹಿಂದಿನಿಂದಲೂ ಇದೆ. ಅದಕ್ಕೇ ಚೀಟಿಯನ್ನು ಯಾರು ಬೇಕಾದರೂ ಓದುವಂತೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ. ಒಂದು ಫೋಟೊ ನಿಮ್ಮ ಫೋನಿನಲ್ಲೂ ಇರಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಬಿಟ್ಟು ಉಳಿದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಂದರೆ ನಿಮ್ಮ ಚೀಟಿಯೇ ಅವರಿಗೆ ದುಡ್ಡು. (ಇದಕ್ಕೆ ಮುಂಚೆ ಇದ್ದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. ಬೇರೆ ಕಡೆಗೆ ಆಮೇಲೆ ಹೋಯಿತು. ನಮಗೆ ಮೊದಲು ಸಿಕ್ಕದ್ದು ಅಪರೂಪ, ಹೇಳಿಕೊಳ್ಳಬೇಕಲ್ಲ.)

ಈಗ ಗೆಳತಿಯರ ಮಾತಿಗೆ. ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಸರ್ಜರಿ) ಕೈ ಬಿಟ್ಟು ಹೋಗುತ್ತದೆ. ಅದು ನಿಜ, ಸುಳ್ಳು ಸಮಾಧಾನ ಹೇಳುವುದಿಲ್ಲ. ಬಂಜೆತನದ ಚಿಕಿತ್ಸೆ, ಕ್ಯಾನ್ಸರ್ ಸರ್ಜರಿ ನಿಮ್ಮ ಆಸೆಯಾಗಿದ್ದರೆ ತಾಲ್ಲೂಕು ನಿಮಗಲ್ಲ. ಆದರೆ ವ್ಯಾಕ್ಯೂಮ್, ಫೋರ್ಸೆಪ್ಸ್, ಕಾಲು ಮೊದಲಾಗಿ ಬರುವ ಕೂಸಿನ ಹೆರಿಗೆ, ಎರಡನೇ ಸಲದ ಸಿಜೇರಿಯನ್, ಅಂಟಿಕೊಂಡ ಕಸ (ಮಾಸು) ತೆಗೆಯುವುದು, ಇವುಗಳಲ್ಲಿ ನಿಮ್ಮ ಕೈ ಬೆಂಗಳೂರಿನಲ್ಲಿ ಪಳಗುವುದಕ್ಕಿಂತ ಬೇಗ ಪಳಗುತ್ತದೆ. ವರ್ಷಕ್ಕೊಮ್ಮೆ ರಜೆ ಹಾಕಿ ಮೆಡಿಕಲ್ ಕಾಲೇಜಿನ ಓಟಿಯಲ್ಲಿ ನಿಂತು ಬನ್ನಿ. ಹಾಗೆ ಮಾಡಿದವರು ಹಿಂದೆ ಬಿದ್ದದ್ದನ್ನು ನಾನು ನೋಡಿಲ್ಲ. ಸಣ್ಣ ಊರಿನ ಸರ್ಜನ್ ಎಂದರೆ ಎರಡನೇ ದರ್ಜೆ ಎಂದುಕೊಂಡವರಿಗೆ ಧುಲೆ ಜಿಲ್ಲೆಯ ದೊಂಡೈಚಾದ ಡಾ. ರವೀಂದ್ರನಾಥ ತೊಂಗಾಂವ್‌ಕರ್ ಅವರ ಹೆಸರು ಹೇಳಿ. ಹರ್ನಿಯಾಕ್ಕೆ ಹಾಕುವ ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧಮಾಡಿ ಬಳಸಿ ತೋರಿಸಿದವರು ಅವರು. ಆಮೇಲೆ ಆಫ್ರಿಕಾದ ದೇಶಗಳಲ್ಲೂ ಆ ದಾರಿ ಹಿಡಿದು ಅಧ್ಯಯನ ನಡೆದವು.

ನೀವು ಸ್ತ್ರೀರೋಗ ತಜ್ಞೆ ಆಗಿರುವುದರಿಂದ ಒಂದು ಸ್ಥಳೀಯ ವಿಷಯ ತಿಳಿದಿರಬೇಕು. ಕಲಬುರಗಿ ಜಿಲ್ಲೆಯಲ್ಲಿ, ಮುಖ್ಯವಾಗಿ ತಾಂಡಾದ ಹೆಣ್ಣುಮಕ್ಕಳಿಗೆ, ಬೇಕಿಲ್ಲದೆ ಗರ್ಭಕೋಶ ತೆಗೆದ ವಿಷಯ ಕಳೆದ ದಶಕದಲ್ಲಿ ದೊಡ್ಡ ಗದ್ದಲವಾಗಿ ತನಿಖೆಯೂ ನಡೆದಿತ್ತು. ಇವತ್ತಿಗೂ ಮೂವತ್ತರ ಆಸುಪಾಸಿನ ಹೆಂಗಸು ಬಂದು 'ಬಿಳಿ ಹೋಗ್ತದ್ರಿ, ಗರ್ಭಚೀಲ ತೆಗೆದು ಬಿಡ್ರಿ, ಇಲ್ಲಂದ್ರ ಕ್ಯಾನ್ಸರ್ ಆಗ್ತದ ಅಂದಾರ' ಎಂದು ಕೇಳುತ್ತಾಳೆ. ಯಾರೋ ಹೆದರಿಸಿ ಕಳಿಸಿರುತ್ತಾರೆ. ಕೂಲಿ ಬಿಟ್ಟು ತಿಂಗಳ ಮೂರು ದಿನ ಕೂರುವುದು ಅವಳಿಗೆ ಕಷ್ಟ, ಅದೂ ಒಂದು ಕಾರಣ. ಇಲ್ಲಿ ನಿಮ್ಮ ಕೆಲಸ ಬಹುತೇಕ ಸಲ ಚಾಕು ಹಿಡಿಯುವುದಲ್ಲ, ಹಿಡಿಯದಿರುವುದು. ಸೋಂಕಿಗೆ ಗುಳಿಗೆ ಕೊಡಿ, ಗಂಡನಿಗೂ ಕೊಡಿ. ಗರ್ಭಕೊರಳಿನ ಕ್ಯಾನ್ಸರಿನ ಭಯಕ್ಕೆ ವಿಐಎ ಪರೀಕ್ಷೆ ಮಾಡಿ. 3ರಿಂದ 5 ಪರ್ಸೆಂಟ್ ಅಸಿಟಿಕ್ ಆಸಿಡ್ ಸವರಿ ಒಂದು ನಿಮಿಷ ಬಿಟ್ಟು ಬೆಳ್ಳಗಾಯಿತೇ ಎಂದು ನೋಡುವುದಷ್ಟೇ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ನರ್ಸ್‌ಗಳಿಗೂ ಕಲಿಸಬಹುದು. 30 ದಾಟಿದ ಹೆಂಗಸರಿಗೆ ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಬೇಡ ಎಂದು ಹೇಳಿ ಕಳಿಸಿದವಳು ಮುಂದಿನ ಓಣಿಯ ಖಾಸಗಿ ಆಸ್ಪತ್ರೆಗೆ ಹೋಗಿ ತೆಗೆಸಿಕೊಳ್ಳಬಹುದು. ಅದನ್ನು ತಡೆಯಲು ಆಗುವುದಿಲ್ಲ. ಆದರೆ ನಿಮ್ಮ ಮಾತು ಕೇಳಿ ಉಳಿದವಳು ಊರಲ್ಲಿ ಹತ್ತು ಜನಕ್ಕೆ ಹೇಳುತ್ತಾಳೆ.

'ಬರೀ ಹೆರಿಗೆ' ಎನ್ನುವುದೂ ತಪ್ಪು. ತಾಲ್ಲೂಕಿನಲ್ಲಿ ರಾತ್ರಿ ಡ್ಯೂಟಿ ಬಂದರೆ ಬಾಗಿಲಿಗೆ ಬಂದದ್ದೆಲ್ಲ ನಿಮ್ಮದೇ. ತೊಗರಿ, ಹತ್ತಿ ಹೊಲಗಳ ಸೀಮೆ ಇದು. ಎಣ್ಣಿ ಕುಡಿದವರು ಬರುತ್ತಾರೆ, ಅಂದರೆ ಕೀಟನಾಶಕ. ಎದೆಯ ಗೊರಗೊರ ನಿಲ್ಲುವವರೆಗೂ ಆಟ್ರೋಪಿನ್ ಕೊಡುತ್ತಾ ಕೂರಬೇಕು. ಮಳೆಗಾಲದಲ್ಲಿ ಹಾವು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಒಣ ಗಾಜಿನ ನಳಿಗೆಯಲ್ಲಿ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟದಿದ್ದರೆ 10 ವಯಲ್‌ನಿಂದ ಶುರುಮಾಡಿ. ಮಗುವಾದರೂ ಡೋಸ್ ಅಷ್ಟೇ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ವರದಿ ಮಾಡುವುದು ಕಡ್ಡಾಯ, ಅದನ್ನೂ ಮರೆಯಬೇಡಿ. ಎದೆನೋವು ಎಂದು ಬಂದವರಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ಆಸ್ಪತ್ರೆಯಲ್ಲಿ ಇಸಿಜಿಯನ್ನು ದೂರದಿಂದಲೇ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಅಲ್ಲೇ ಕೊಡುತ್ತಾರೆ. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆ ಇರುವುದರಿಂದ ಮುಂದಿನ ದಾರಿಯೂ ಈಗ ಹತ್ತಿರ. ಇದನ್ನೆಲ್ಲ ಸೇರುವ ಮುಂಚೆ ಒಂದು ಸಲ ತಿರುವಿ ಹಾಕಿ.

ಮಹಿಳಾ ವೈದ್ಯೆ ಒಬ್ಬರೇ ಇದ್ದರೆ ಲೈಂಗಿಕ ದೌರ್ಜನ್ಯದ ಕೇಸುಗಳು, ಮಕ್ಕಳ ಮೇಲಿನ ದೌರ್ಜನ್ಯದ ಪೋಕ್ಸೋ ಸೇರಿ, ನಿಮ್ಮ ಬಳಿಗೇ ಬರುತ್ತವೆ. ಇದಕ್ಕೆ ಮನಸ್ಸು ತಯಾರು ಮಾಡಿಕೊಂಡೇ ಬನ್ನಿ. ಪರೀಕ್ಷಾ ವರದಿಯನ್ನು ತನಿಖಾಧಿಕಾರಿಗೆ 7 ದಿನದೊಳಗೆ ಕೊಡಬೇಕೆಂದು 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಆಮೇಲೆ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕು, ವರ್ಷಗಳ ನಂತರವೂ ಸಮನ್ಸ್ ಬರುತ್ತದೆ. ಆಗ ನೆನಪಿಗೆ ಬರುವುದು ಬರೆದಿಟ್ಟದ್ದು ಮಾತ್ರ. ಆ ಹುಡುಗಿಯ ಪಕ್ಕದಲ್ಲಿ ಪೊಲೀಸರು ನಿಲ್ಲದಂತೆ ನೋಡಿಕೊಳ್ಳಿ.

ಜನರ ಬಗ್ಗೆ. ಗಲಾಟೆ ಆಗುತ್ತದೆಯೇ ಎಂದು ನಿಮಗೆ ಭಯ ಇದ್ದೇ ಇರುತ್ತದೆ. ಆಗುತ್ತದೆ, ದಿನಾ ಅಲ್ಲ. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರ ಕಾನೂನು ಇದೆ. ಆದರೆ ಕಾನೂನು ಕೆಲಸಕ್ಕೆ ಬರುವುದು ಮರುದಿನ. ಆ ರಾತ್ರಿ ಕೆಲಸಕ್ಕೆ ಬರುವುದು ಮಾತು. ನನ್ನ ಅನುಭವದಲ್ಲಿ ಜನ ಸಿಟ್ಟಾಗುವುದು ಸಾವಿಗಿಂತ ಜಾಸ್ತಿ ಮೌನಕ್ಕೆ. ಒಳಗೆ ಏನಾಗುತ್ತಿದೆ ಎಂದು ಅರ್ಧ ಗಂಟೆಗೊಮ್ಮೆ ಹೊರಗೆ ಬಂದು ಹೇಳಿ. ಇಡೀ ಗುಂಪಿಗಲ್ಲ, ಅವರಲ್ಲಿ ಹಿರಿಯ ಹೆಂಗಸೊಬ್ಬಳನ್ನು, ಅತ್ತೆಯೋ ಅಜ್ಜಿಯೋ, ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ. 'ಇಲ್ಲೇ ಮಾಡ್ರಿ ಮೇಡಂ, ನಮ್ಮ ಬಲ್ಲಿ ರೊಕ್ಕ ಇಲ್ಲ' ಎಂದು ಅವರು ಹಟ ಹಿಡಿದಾಗ, ಯೋಜನೆಯಲ್ಲಿ ದುಡ್ಡು ಬೇಕಿಲ್ಲ, ಗಾಡಿಗೂ ದುಡ್ಡಿಲ್ಲ ಎಂದು ಬಿಡಿಸಿ ಹೇಳಬೇಕು. ರಾಜಕಾರಣಿಗಳ ಫೋನ್ ಬರುತ್ತದೆ. ಸಭ್ಯವಾಗಿ ಕೇಳಿ, ಆಡಳಿತ ವೈದ್ಯಾಧಿಕಾರಿಗೆ ಮಾತಾಡಿ ಎಂದು ಹೇಳಿ ಇಡಿ. ದಾವಣಗೆರೆಯವರಿಗೆ ನಮ್ಮ ಕನ್ನಡ ಒಂದು ವಾರದಲ್ಲಿ ಬರುತ್ತದೆ. ದಖ್ಖನಿ ಉರ್ದು ಸ್ವಲ್ಪ ಕಲಿಯಿರಿ. ಗುರುಮಠಕಲ್, ಸೇಡಂ ಕಡೆ ತೆಲುಗು, ಆಳಂದ, ಭಾಲ್ಕಿ ಕಡೆ ಮರಾಠಿ. ಲಂಬಾಣಿಗೆ ಯಾರಾದರೂ ಸಿಬ್ಬಂದಿ ಸಿಗುತ್ತಾರೆ.

ಹಳೆಯ ನರ್ಸ್‌ಗಳನ್ನು ಒಲಿಸಿಕೊಳ್ಳಿ. ಇಪ್ಪತ್ತು ವರ್ಷದಿಂದ ಅದೇ ಹೆರಿಗೆ ಕೋಣೆಯಲ್ಲಿರುವ ನರ್ಸಬಾಯಿ 'ಮೇಡಂ, ಯಾಕೋ ಇವಳು ಸರಿ ಕಾಣವಲ್ಲಳು' ಎಂದರೆ ನಿಮ್ಮ ಮಾನಿಟರ್ ಏನೇ ಹೇಳಲಿ, ಎದ್ದು ಹೋಗಿ ನೋಡಿ.

ಇನ್ನು ಮನೆ, ಮಗಳು, ಸಂಬಳ. ಕಲಬುರಗಿಯಲ್ಲಿ ಮನೆ ಮಾಡಿ ದಿನಾ ಓಡಾಡುತ್ತೇನೆ ಎನ್ನುವವರು ಬಹಳ. ನೀವೊಬ್ಬರೇ ಪ್ರಸೂತಿ ತಜ್ಞೆಯಾಗಿದ್ದರೆ ಅದು ನಡೆಯುವುದಿಲ್ಲ. ನಡೆಸಿದರೆ ಮತ್ತೆ ಹತ್ತರಿಂದ ಎರಡರ ಓಟಿ ರಿಜಿಸ್ಟರೇ. ಆದರೆ ಒಬ್ಬರೇ ವರ್ಷದ 365 ರಾತ್ರಿ ಫೋನ್ ಹಿಡಿದು ಮಲಗುವುದೂ ಆಗುವ ಮಾತಲ್ಲ. ಆರೇ ತಿಂಗಳಲ್ಲಿ ಸೋತುಹೋಗುತ್ತೀರಿ. ಹಾಗಾಗಿ ಎರಡು ಹುದ್ದೆ ಇರುವ, ಅದರಲ್ಲಿ ಒಂದು ಈಗಾಗಲೇ ಭರ್ತಿ ಇರುವ ಆಸ್ಪತ್ರೆ ಸಿಕ್ಕರೆ ಊರು ದೂರವಾದರೂ ಅದನ್ನೇ ಆರಿಸಿ. ವಾರ ವಾರ ಪಾಳಿ ಹಂಚಿಕೊಳ್ಳಬಹುದು. ಕ್ವಾರ್ಟರ್ಸ್ ಮಳೆಗಾಲದಲ್ಲಿ ಸೋರುತ್ತದೆಯೇ ನೋಡಿ, ನೀರು ಯಾವ ದಿನ ಬರುತ್ತದೆ ಕೇಳಿ. ನಿಮ್ಮ ಯಜಮಾನರ ಕೆಲಸಕ್ಕೆ ಇಂಟರ್ನೆಟ್ ಲೈನ್ ಇದೆಯೇ ಎಂಬುದನ್ನು ಅವರೇ ಬಂದು ನೋಡಲಿ. ಶಾಲೆಯ ವಿಷಯ ಬೇರೆ ಥರ. ಮೊದಲ ನಾಲ್ಕೈದು ವರ್ಷ ತಾಲ್ಲೂಕಿನ ಶಾಲೆ ಸಾಕು. ಆಮೇಲೆ ಎಷ್ಟೋ ಡಾಕ್ಟರುಗಳು ಮಕ್ಕಳಿಗಾಗಿ ಊರು ಬಿಡುತ್ತಾರೆ. ಬಿಟ್ಟವರನ್ನು ನಾನು ದೂರುವುದಿಲ್ಲ. ನಾಲ್ಕು ವರ್ಷ ಚೆನ್ನಾಗಿ ಕೆಲಸ ಮಾಡಿ ಹೋದವರು, ಹತ್ತು ವರ್ಷ ಗೊಣಗುತ್ತಾ ಉಳಿದವರಿಗಿಂತ ಮೇಲು.

ನಿಮಗೆ ಸಿಗುತ್ತಿರುವುದು ಕಾಯಂ ಹುದ್ದೆಯೋ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆಯೋ ನೀವು ಬರೆದಿಲ್ಲ. ಕಾಯಂ ಆಗಿದ್ದರೆ, ಸಂವಿಧಾನದ 371(ಜೆ) ವಿಧಿಯ ಪ್ರಕಾರ ಈ ಭಾಗದ ಹುದ್ದೆಗಳಲ್ಲಿ ಹೆಚ್ಚಿನ ಪಾಲು ಸ್ಥಳೀಯರಿಗೆ ಮೀಸಲು, ಉಳಿದದ್ದಕ್ಕೆ ನೀವು ಸ್ಪರ್ಧಿಸಬೇಕು. ಅಧಿಸೂಚನೆಯಲ್ಲಿ ಯಾವ ವೃಂದ ಎಂದು ನೋಡಿಕೊಳ್ಳಿ. ಗುತ್ತಿಗೆಯಾಗಿದ್ದರೆ ತಜ್ಞರು ತಮ್ಮ ಸಂಬಳವನ್ನು ತಾವೇ ಹೇಳಿ ಕೇಳುವ ಅವಕಾಶ ಎನ್‌ಎಚ್‌ಎಂನಲ್ಲಿ ಇದೆ. ನಾಚಿಕೆ ಬೇಡ, ಸರಿಯಾಗಿ ಕೇಳಿ. ಗುತ್ತಿಗೆ ಹಣಕಾಸು ವರ್ಷದ ಲೆಕ್ಕದಲ್ಲಿ ನಡೆಯುತ್ತದೆ. ಮಾರ್ಚ್ ಕೊನೆಗೆ ಮುಗಿದು ಮತ್ತೆ ನವೀಕರಣ ಆಗಬೇಕು. ಆ ಎರಡು ಮೂರು ತಿಂಗಳು ಸಂಬಳ ತಡವಾಗುವುದು ಮಾಮೂಲು. ಮನೆಯ ಸಾಲದ ಕಂತು ನಿಮ್ಮ ಸಂಬಳದಿಂದಲೇ ಹೋಗುತ್ತಿದ್ದರೆ ಅಷ್ಟು ದಿನಕ್ಕೆ ಆಗುವಷ್ಟು ಹಣ ಬದಿಗಿಟ್ಟುಕೊಂಡು ಬನ್ನಿ. ರಾತ್ರಿ ಕರೆಗೆ, ಹೊರಗಿನಿಂದ ಬರುವ ಅರಿವಳಿಕೆ ವೈದ್ಯರಿಗೆ ಕೊಡುವ ಹಣ ಯಾವ ಲೆಕ್ಕದಿಂದ ಬರುತ್ತದೆ ಎಂಬುದನ್ನು ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯಲ್ಲಿ ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಕೇಳಿ ಪಡೆಯಿರಿ. ಏಪ್ರಿಲ್, ಮೇನಲ್ಲಿ ಹೋದರೆ ನೆನಪಿರಲಿ, ನಮ್ಮ ವಿಭಾಗದ ಕಚೇರಿಗಳು ಆಗ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ.